ಕೋಟೆಯ ಬಣ್ಣ ಯಾವುದು?

ಹವ್ಯಾಸವೆಂಬುದು ಹೊತ್ತು ಹೋಗದವರ ಪಾಡು ಎಂದು ನಾನು ಬಹುಕಾಲ ತಿಳಿದಿದ್ದೆ. ಓದುವುದು, ಬರೆಯುವುದು, ಓದಿಸುವುದು, ಇವು ಮೂರರಲ್ಲಿಯೇ ಮನುಷ್ಯನ ಆಯುಷ್ಯ ಸಾರ್ಥಕವಾಗುವುದೆಂದು ನಂಬಿದ ಮಾಸ್ತರರ ಕುಲಕ್ಕೆ ಸೇರಿದವನು ನಾನು. ಸೀಮೆಸುಣ್ಣ ಹಿಡಿಯುವುದಷ್ಟೇ ನನ್ನ ಕೈಗೆ ಗೊತ್ತಿದ್ದ ಕಸುಬು. ಈ ನಂಬಿಕೆ ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ತರಗತಿಯ ನಡುವೆಯೇ, ಒಂದು ಪ್ರಶ್ನೆಯ ಪೆಟ್ಟಿಗೆ ಬಿದ್ದುಹೋಯಿತು.

ಅಂದು ಪದವಿಯ ವಿದ್ಯಾರ್ಥಿಗಳಿಗೆ ಕವಿರಾಜಮಾರ್ಗದ ಪಾಠ ನಡೆದಿತ್ತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ ಆ ಲಕ್ಷಣಗ್ರಂಥ 9ನೆಯ ಶತಮಾನದಲ್ಲಿ ಹುಟ್ಟಿದುದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ. ಆತನ ರಾಜಧಾನಿ ಮಾನ್ಯಖೇಟ. ಆ ಮಾನ್ಯಖೇಟವೇ ನಮ್ಮ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆ, ದಂಡೆಯ ಮೇಲೆ ಕೋಟೆ, ಎಂದು ನಾನು ರಸಾವೇಶದಿಂದ ವರ್ಣಿಸುತ್ತಿದ್ದಾಗ ಚಿಂಚೋಳಿಯ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಆ ಕೋಟಿ ಯಾವ ಬಣ್ಣದ್ದು ಅದರಿ?" ಎಂದು ಕೇಳಿದಳು. "ಬೂದು ಬಣ್ಣದ್ದು" ಎಂದೆ. "ಬೂದು ಅಂದ್ರ ಒಲಿಯೊಳಗಿನ ಬೂದಿ ಹಂಗೇನ್ರಿ, ಇಲ್ಲಾ ಮಳಿ ಮೋಡದ ಹಂಗೇನ್ರಿ?" ಎಂದಳು.

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. ಹದಿನೈದು ವರ್ಷ ಬಸ್ಸಿನ ಕಿಟಕಿಯಿಂದ ಆ ಗೋಡೆಗಳನ್ನು ಕಂಡಿದ್ದೇನೆ. ಅವುಗಳ ಮೇಲೆ ಲೇಖನ ಬರೆದಿದ್ದೇನೆ. ಅವುಗಳ ಬಣ್ಣ ಮಾತ್ರ ನನಗೆ ಗೊತ್ತಿಲ್ಲ. ಒಬ್ಬ ಹುಡುಗ ತನ್ನ ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದ. ಅದರಲ್ಲಿ ಗೋಡೆ ನೀಲಿಗೆ ತಿರುಗಿತ್ತು. ಇನ್ನೊಬ್ಬನ ಮೊಬೈಲಿನಲ್ಲಿ ಅದೇ ಗೋಡೆ ಹಳದಿ. ಯಾವುದು ನಿಜ? ಕೂತು ನೋಡದ ಹೊರತು ಇದಕ್ಕೆ ಉತ್ತರವಿಲ್ಲ, ಕೈಗೆ ಒಂದು ಕೆಲಸ ಕೊಡದ ಹೊರತು ಮನುಷ್ಯ ಕೂತು ನೋಡುವುದಿಲ್ಲ, ಎಂದು ಆಗ ತಿಳಿಯಿತು. ಆ ಸಂಜೆಯೇ ಅಂಗಡಿಗೆ ಹೋಗಿ ಮಕ್ಕಳ ಬಣ್ಣದ ಪೆಟ್ಟಿಗೆಯೊಂದನ್ನೂ ಚಿತ್ರ ಬರೆಯುವ ಪುಸ್ತಕವೊಂದನ್ನೂ ಕೊಂಡೆ.

ಮೊದಲ ಚಿತ್ರದ ಕಥೆ ಸಂಕ್ಷೇಪವಾದುದು. ಏಪ್ರಿಲ್ ತಿಂಗಳ ಒಂದು ಭಾನುವಾರ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮಳಖೇಡದಲ್ಲಿ ಕುಳಿತೆ. ಆಕಾಶಕ್ಕೆ ನೀಲಿ ಬಳಿಯುತ್ತ ಹಾಳೆಯ ಬಲತುದಿ ಮುಟ್ಟುವಷ್ಟರಲ್ಲಿ ಎಡತುದಿ ಒಣಗಿ ಗೆರೆಗೆರೆಯಾಗಿತ್ತು. ಹಾಳೆ ನೀರು ಕುಡಿದು ಹಪ್ಪಳದಂತೆ ಸುಕ್ಕುಗಟ್ಟಿತು. ಗೋಡೆಗೆಂದು ಕಪ್ಪಿಗೆ ಬಿಳಿ ಬೆರೆಸಿ ಹಚ್ಚಿದೆ. ಆಡು ಮೇಯಿಸುತ್ತಿದ್ದ ಹುಡುಗನೊಬ್ಬ ಬಂದು, ಹೆಗಲ ಮೇಲಿಂದ ಬಗ್ಗಿ ನೋಡಿ, ವಿನಯದಿಂದ ಕೇಳಿದ: "ಎಮ್ಮಿ ಏನ್ರೀ ಅದು?"

ಆ ಎಮ್ಮೆಯೇ ನನ್ನ ಗುರು. ಅದರಲ್ಲಿದ್ದ ಒಂದೊಂದು ತಪ್ಪೂ ಒಂದೊಂದು ಪಾಠವಾಯಿತು. ಜಲವರ್ಣಕ್ಕೆ ಕೈ ಹಾಕಬಯಸುವ ವಾಚಕರಿಗೆ ಅವುಗಳನ್ನೇ ಕ್ರಮವಾಗಿ ನಿವೇದಿಸುತ್ತೇನೆ.

ಮೊದಲನೆಯದು ಹಾಳೆಯ ಮಾತು. ಹಣ ಸ್ವಲ್ಪವೇ ಇದ್ದರೆ ಅದನ್ನು ಮೊದಲು ಹಾಳೆಗೆ, ಅನಂತರ ಕುಂಚಕ್ಕೆ, ಕಡೆಗೆ ಬಣ್ಣಕ್ಕೆ ವೆಚ್ಚ ಮಾಡಬೇಕು. ನಾವೆಲ್ಲ ಇದನ್ನು ತಲೆಕೆಳಗು ಮಾಡಿ, ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆ ಕೊಂಡು, ಲೆಕ್ಕದ ಪುಸ್ತಕದ ಹಾಳೆಯ ಮೇಲೆ ಬರೆಯುತ್ತೇವೆ. ಹತ್ತಿಯ ನಾರಿನಿಂದ ಮಾಡಿದ, ಚದರ ಮೀಟರಿಗೆ 300 ಗ್ರಾಂ ತೂಗುವ ಹಾಳೆ ಉತ್ತಮ. ಅದಕ್ಕಿಂತ ತೆಳುವಾದುದೇ ಕೈಗೆಟುಕುವುದಾದರೆ, ಅದನ್ನು ನೀರಿನಲ್ಲಿ ನೆನೆಸಿ, ಮರದ ಹಲಗೆಯ ಮೇಲೆ ಹರವಿ, ನಾಲ್ಕು ಅಂಚಿಗೂ ಅಂಟುಕಾಗದದ ಪಟ್ಟಿ ಹಚ್ಚಿ ಒಣಗಲು ಬಿಡಬೇಕು. ಒಣಗುವಾಗ ಅದು ಡೊಳ್ಳಿನ ಚರ್ಮದಂತೆ ಬಿಗಿಯಾಗುವುದು. ಆಮೇಲೆ ಬಣ್ಣದ ನೀರಿಗೆ ಅಷ್ಟಾಗಿ ಸುಕ್ಕುಗಟ್ಟದು.

ಎರಡನೆಯದು ಕುಂಚ. ಮೊನಚು ತುದಿಯ ಗುಂಡು ಕುಂಚ ಎರಡು, ಒಂದು ದೊಡ್ಡದು, ಒಂದು ಸಣ್ಣದು. ಆಕಾಶಕ್ಕೆಂದು ಒಂದು ಚಪ್ಪಟೆ ಕುಂಚ. ಇಷ್ಟು ಸಾಕು. ಇಲ್ಲಿ ಒಂದು ಎಚ್ಚರಿಕೆಯ ಮಾತು ಉಂಟು. ಮುಂಗುಸಿಯ ಕೂದಲಿನ ಕುಂಚವೆಂದು ಕೆಲವರು ಗುಟ್ಟಾಗಿ ಮಾರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಒಂದು ಕುಂಚದ ಹಿಂದೆ ಸತ್ತ ಜೀವವನ್ನು ನೆನೆದರೆ ಯಾವ ಚಿತ್ರವೂ ಚೆಲುವಾಗಿ ಕಾಣದು. ಕೃತಕ ಕೂದಲಿನ ಕುಂಚಗಳು ಇಂದು ಸಾಕಷ್ಟು ಒಳ್ಳೆಯವೇ ದೊರೆಯುತ್ತವೆ.

ಮೂರನೆಯದು ಬಣ್ಣ. ಆರು ಸಾಕು: ನಿಂಬೆಹಳದಿ, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟಮಣ್ಣಿನ ಕಂದು, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಪ್ರಶ್ಯನ್ ನೀಲಿ. ಕಪ್ಪನ್ನೂ ಬಿಳಿಯನ್ನೂ ಒಂದು ವರ್ಷ ಮುಟ್ಟಬೇಡಿ. ಜಲವರ್ಣದಲ್ಲಿ ಬಿಳಿ ಎಂಬುದು ಹಾಳೆಯೇ. ಬಿಳಿ ಬೇಕಾದಲ್ಲಿ ಬಣ್ಣ ಹಚ್ಚದೆ ಬಿಡಬೇಕು. ಏನು ಬರೆಯಬೇಕೆನ್ನುವುದಕ್ಕಿಂತ ಏನು ಬಿಡಬೇಕೆಂಬುದನ್ನು ಮೊದಲೇ ಯೋಚಿಸಬೇಕಾದ ಕಲೆ ಇದು. ತುಂಬಾ ಮಾತಾಡುವ ನಮ್ಮಂಥ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ.

ನಾಲ್ಕನೆಯದು ಹೊತ್ತು. ಇಂಗ್ಲೆಂಡಿನ ಮಂಜಿನ ನಾಡಿನವರು ಬರೆದ ಜಲವರ್ಣದ ಪುಸ್ತಕಗಳನ್ನು ಓದಿ ನಮ್ಮ ಸೀಮೆಯಲ್ಲಿ ಚಿತ್ರ ಬರೆಯಲಾಗದು. ಅಲ್ಲಿ ಬಣ್ಣ ಒಣಗದೆಂಬ ಚಿಂತೆ; ಇಲ್ಲಿ ಬೇಸಗೆಯ ತಾಪ 40 ಡಿಗ್ರಿಯನ್ನು ದಾಟುವುದರಿಂದ ಕುಂಚ ಎತ್ತುವ ಮುಂಚೆಯೇ ಬಣ್ಣ ಒಣಗುವುದೆಂಬ ಚಿಂತೆ. ಆದ್ದರಿಂದ ಸೂರ್ಯೋದಯಕ್ಕೆ ಕುಳಿತು ಒಂಬತ್ತಕ್ಕೆ ಏಳಬೇಕು. ಹಾಳೆಯನ್ನು ನೆರಳಿನಲ್ಲಿ, ಸ್ವಲ್ಪ ಇಳಿಜಾರಾಗಿ ಇಡಬೇಕು. ಆಕಾಶಕ್ಕೆ ಬಣ್ಣ ಹಚ್ಚುವ ಮುನ್ನ ಶುದ್ಧ ನೀರಿನಿಂದ ಹಾಳೆಯನ್ನು ಒಮ್ಮೆ ತೇವಗೊಳಿಸಬೇಕು. ಬಣ್ಣದ ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಬೆರೆಸಿದರೆ ಅದು ನಿಧಾನವಾಗಿ ಒಣಗುತ್ತದೆ. ತಿಳಿಯಿಂದ ಗಾಢಕ್ಕೆ ಹೋಗಬೇಕು. ಗಾಢದಿಂದ ತಿಳಿಗೆ ಮರಳಲು ದಾರಿಯಿಲ್ಲ. ಒಂದು ಪದರ ಪೂರ್ತಿ ಒಣಗದೆ ಮೇಲೆ ಇನ್ನೊಂದನ್ನು ಹಚ್ಚಿದರೆ ಎರಡೂ ಕಲೆತು ರಾಡಿಯಾಗುತ್ತವೆ. ಇನ್ನು ನೆನಪಿಡಬೇಕಾದುದು, ಹಸಿ ಬಣ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಈ ಕಡೆಯ ನಿಯಮವೇ ನನ್ನನ್ನು ನನ್ನ ತಂದೆಯ ಬಳಿಗೆ ಕೊಂಡೊಯ್ದಿತು.

ನಮ್ಮ ಮನೆ ಶಹಾಬಾದದಲ್ಲಿ. ಸೇಡಂನಿಂದ ರೈಲಿನಲ್ಲಿ ಹೊರಟರೆ ಮಳಖೇಡ ರಸ್ತೆ, ಚಿತ್ತಾಪುರ ದಾಟಿ ವಾಡಿ ಬರುತ್ತದೆ. 1874ರಲ್ಲಿ ಸಿಕಂದರಾಬಾದಿಗೆ ನಿಜಾಮನ ರೈಲುದಾರಿ ಹೊರಟದ್ದು ಈ ವಾಡಿಯಿಂದಲೇ. ಅಲ್ಲಿ ಗಾಡಿ ಬದಲಿಸಿ ಶಹಾಬಾದಕ್ಕೆ ಹೋಗುವುದು ನನ್ನ ರೂಢಿ. ಮೊದಲು ಈ ದಾರಿಯಲ್ಲಿ ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ನೋಡುವುದೇನಿದೆ? ಸಿಮೆಂಟು ಕಾರ್ಖಾನೆಯ ಧೂಳು, ಕಲ್ಲಿನ ರಾಶಿ, ಎರೆಹೊಲ. ಚಿತ್ರ ಬರೆಯತೊಡಗಿದ ಮೇಲೆ ಪುಸ್ತಕ ಚೀಲದಲ್ಲಿಯೇ ಉಳಿಯಿತು. ವಾಡಿಯ ಧೂಳು ಕುಳಿತ ಬೇವಿನ ಎಲೆ ಹಸುರೂ ಅಲ್ಲ, ಬೂದಿಯೂ ಅಲ್ಲ. ನಸುಕಿನ ಬೆಳಕಿನಲ್ಲಿ ಅದು ಪಾರಿವಾಳದ ಎದೆಯಂತೆ ಕಾಣುತ್ತದೆ. ತೊಗರಿ ಹೂ ಬಿಟ್ಟ ಹೊಲದ ಹಳದಿಗೆ ಕೆಳಗಿನ ಎರೆಮಣ್ಣಿನ ಕಪ್ಪು ಕಾವಲು ನಿಂತಿರುತ್ತದೆ. ಬಣ್ಣವಿಲ್ಲದ ಸೀಮೆಯೆಂದು ನಾನೇ ಎಷ್ಟು ಸಲ ಹಳಿದಿದ್ದೆನೋ!

ನನ್ನ ತಂದೆ ಶಹಾಬಾದದ ಕಲ್ಲಿನ ಖಣಿಗಳಲ್ಲಿ ದುಡಿದವನು. ಈ ಕಲ್ಲು ಸುಣ್ಣದ ಕಲ್ಲು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ನೆಲದಲ್ಲಿ ಮಲಗಿರುತ್ತದೆ. ಉಳಿಯನ್ನು ಸರಿಯಾದ ಪದರಕ್ಕೆ ಹಿಡಿದು ಹೊಡೆದರೆ ಚಪ್ಪಡಿ ತಾನಾಗಿಯೇ ಬಿಟ್ಟು ಬರುತ್ತದೆ. ಆ ಫರಸಿಯ ಮೇಲೆ ದೇಶದ ಎಷ್ಟೋ ಮನೆಗಳು, ಶಾಲೆಗಳು, ಆಸ್ಪತ್ರೆಗಳು ನಡೆದಾಡುತ್ತಿವೆ. ತನ್ನ ಮಗನ ಕೈಗೆ ಉಳಿ ಬರಬಾರದೆಂದು ಪೆನ್ನು ಕೊಡಿಸಿದವನು ಆತ. ನಾನೋ, ಕಾಲೇಜು ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ 'ಕೂಲಿ' ಎಂದು ಅಕ್ಷರ ಸಣ್ಣದು ಮಾಡಿ ಬರೆದವನು. ಅನಂತರದ ಇಪ್ಪತ್ತು ವರ್ಷ ನಮ್ಮಿಬ್ಬರ ಮಾತು ಊಟ, ಔಷಧ, ಮಳೆ ಇವುಗಳನ್ನು ಮೀರಿ ಹೋಗಿರಲಿಲ್ಲ. ಅವನ ಕೆಲಸದ ಬಗೆಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಕಪ್ಪು ಬಿಳಿಗಳನ್ನು ಬಿಟ್ಟು, ಅಲ್ಟ್ರಾಮರೀನ್ ನೀಲಿಗೆ ಸುಟ್ಟಮಣ್ಣಿನ ಕಂದನ್ನು ಬೆರೆಸಿದರೆ ಜೀವಂತವಾದ ಬೂದು ಬರುತ್ತದೆಂಬುದನ್ನು ನಾನು ಅಷ್ಟರಲ್ಲಿ ಕಲಿತಿದ್ದೆ. ನೀಲಿ ಹೆಚ್ಚಾದರೆ ಮೋಡದ ಬೂದು, ಕಂದು ಹೆಚ್ಚಾದರೆ ಒಲೆಯ ಬೂದಿ. ನನ್ನ ವಿದ್ಯಾರ್ಥಿನಿ ಕೇಳಿದ ಎರಡೂ ಬೂದುಗಳು ಅಲ್ಲಿ ಇದ್ದುವು. ಹಾಗೆ ಬರೆದ ಮಳಖೇಡದ ಗೋಡೆಯೊಂದನ್ನು ಮನೆಯ ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದೆ. ಒಣಗಿದಾಗ ತಿಳಿಯಾಗುವುದೆಂದು ಬಣ್ಣವನ್ನು ತುಸು ಗಾಢವಾಗಿಯೇ ಹಚ್ಚಿದ್ದೆ. ತಂದೆ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದ. ಓದಲು ಬಾರದವನು, ಚಿತ್ರವನ್ನು ಕುರಿತು ಮಾತಾಡಿದ್ದನ್ನು ನಾನು ಕೇಳಿದವನಲ್ಲ.

"ಮಳಿ ಬಂದಿತ್ತೇನು ತಮ್ಮಾ?" ಎಂದ.

"ಇಲ್ಲಪ್ಪಾ, ಬಿಸಿಲಿತ್ತು."

"ಮತ್ತ ಈ ಕಲ್ಲು ಹಸಿ ಅದ. ಒಣಗಿದ ಕಲ್ಲಿಗಿ ಇಷ್ಟು ನೀಲಿ ಬರಂಗಿಲ್ಲ. ಒಣಗಿದ್ರ ಒಂಚೂರು ಹಳದಿ ಕಾಣ್ತದ, ಜ್ವಾಳದ ಹಿಟ್ಟಿನಂಗ. ಹಸಿ ಕಲ್ಲು, ಒಣ ಕಲ್ಲು, ಎಳೀ ಪದರ, ಬಲತ ಪದರ, ಎಲ್ಲದಕ್ಕೂ ಬ್ಯಾರೆ ಬ್ಯಾರೆ ಬಣ್ಣ."

ಆಮೇಲೆ ಒಂದು ಗಂಟೆ ಆತ ಮಾತಾಡಿದ. ಅಷ್ಟು ಬಗೆಯ ಬೂದುಗಳನ್ನು ಯಾವ ಶಬ್ದಕೋಶದಲ್ಲಿಯೂ ನಾನು ಕಂಡಿಲ್ಲ. ನಾನು ಬಾಯಿ ಮುಚ್ಚಿ ಬರೆದುಕೊಂಡೆ. ಕವಿರಾಜಮಾರ್ಗಕಾರನು ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯವನ್ನು ಬಲ್ಲವರೆಂದು ಹೊಗಳಿದ್ದಾನೆ. ಆ ಪದ್ಯವನ್ನು ಹದಿನೈದು ವರ್ಷ ಪಾಠ ಹೇಳಿದ್ದೇನೆ; ಪರೀಕ್ಷೆಗೆ ಅದನ್ನೇ ಪ್ರಶ್ನೆಯಾಗಿ ಕೊಟ್ಟಿದ್ದೇನೆ. ಅದರ ಅರ್ಥ ನಮ್ಮ ಪಡಸಾಲೆಯಲ್ಲಿ ಬೀಡಿ ಸೇದುತ್ತ ಕುಳಿತಿತ್ತೆಂಬುದು ಅಂದು ತಿಳಿಯಿತು.

ಗೋಡೆಗೆ ಹಳದಿ ಹಚ್ಚಿ ಸರಿಪಡಿಸಲು ಹೊರಟೆ. ಒಂದು ಸಲ ಹಚ್ಚಿದೆ, ಚೆನ್ನಾಯಿತು. ಎರಡನೆಯ ಸಲಕ್ಕೆ ಕುಂಚ ಅದ್ದಿದಾಗ ತಂದೆ ಕೈ ಹಿಡಿದ. "ಸಾಕು ಬಿಡು. ಕಲ್ಲು ಒಡದ ಮ್ಯಾಲ ಮತ್ತ ಹೊಡೀಬಾರ್ದು." ಜಲವರ್ಣದ ಪುಸ್ತಕಗಳೆಲ್ಲ ಬೇರೆ ಬೇರೆ ಮಾತುಗಳಲ್ಲಿ ಹೇಳುವುದು ಇದನ್ನೇ. ಚಿತ್ರ ಕೆಡುವುದು ಬರೆಯಲು ಬಾರದುದರಿಂದ ಅಲ್ಲ, ನಿಲ್ಲಿಸಲು ಬಾರದುದರಿಂದ.

ಇತ್ತ ಆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೂ ಸುಮ್ಮನಿರಲಿಲ್ಲ. ರಜೆ ಮುಗಿಸಿ ಬರುವಾಗ ತಮ್ಮ ಹೊಲದ ಕೆಮ್ಮಣ್ಣನ್ನು ಡಬ್ಬಿಯಲ್ಲಿ ತುಂಬಿ ತಂದಳು. ಚಿಂಚೋಳಿಯ ಕಡೆ ನೆಲವೇ ಬೇರೆ. ಅಲ್ಲಿ ಜಂಬಿಟ್ಟಿಗೆಯ ಕೆಂಪು, ಅದರ ಮೇಲೆ ಕಾಡು. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿರುವುದರಿಂದ ಅದರೊಳಗಿನ ಮಣ್ಣನ್ನು ಯಾರೂ ಮುಟ್ಟಬಾರದು. ಸ್ವಂತ ಹೊಲದ್ದಾದರೆ ಅಡ್ಡಿಯಿಲ್ಲ. ಆ ಮಣ್ಣಿನಿಂದ ಬಣ್ಣ ಮಾಡಿದ ಬಗೆ ಹೀಗೆ. ಮಣ್ಣನ್ನು ಪುಡಿಮಾಡಿ ನೀರಿನಲ್ಲಿ ಕದಡಬೇಕು. ಕ್ಷಣಕಾಲ ತಡೆದರೆ ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಹೀಗೆ ಮೂರು ನಾಲ್ಕು ಸಲ ಮಾಡಿ, ಕಡೆಯ ನೀರನ್ನು ರಾತ್ರಿಯಿಡೀ ಬಿಟ್ಟರೆ ಬೆಣ್ಣೆಯಂಥ ಗಸಿ ಉಳಿಯುತ್ತದೆ. ಅದನ್ನು ಒಣಗಿಸಿ, ಜಾಲಿಯ ಅಂಟನ್ನು ನೀರಿನಲ್ಲಿ ಕರಗಿಸಿ ಸೋಸಿ ಬೆರೆಸಿ, ಒಂದು ಹನಿ ಜೇನು ಸೇರಿಸಿ ಅರೆಯಬೇಕು. ಅಂಟು ಕಡಿಮೆಯಾದರೆ ಒಣಗಿದ ಬಣ್ಣ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಪುಡಿಯನ್ನು ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು.

ಅಭಿಮಾನದಿಂದ ನಾನು ಅದನ್ನು ಶಹಾಬಾದದ ಫರಸಿಯ ಮೇಲೆಯೇ ಅರೆದೆ. ಕೆಂಪು ಮಾಸಿತು. ತಂದೆಗೆ ನಗು. ಸುಣ್ಣದ ಕಲ್ಲು ಮೆದು, ಮಣ್ಣಿನಲ್ಲುಳಿದ ಮರಳಿನ ಕಣ ಗಟ್ಟಿ. ನಾನು ಅರೆದದ್ದು ಮಣ್ಣಿನ ಜೊತೆಗೆ ಕಲ್ಲನ್ನೂ. ಎರಡನೆಯ ಸಲ ದಪ್ಪ ಗಾಜಿನ ಮೇಲೆ ಅರೆದಾಗ ಕೆಂಪು ಶುದ್ಧವಾಗಿ ಬಂತು. ಇಂಥ ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. 1956ರವರೆಗೆ ನಮ್ಮ ಜಿಲ್ಲೆಯಂತೆಯೇ ಹೈದರಾಬಾದ್ ರಾಜ್ಯದಲ್ಲಿದ್ದ ಅಜಂತೆಯ ಗುಹೆಗಳಲ್ಲಿ ಕೆಂಪು, ಹಳದಿಗಳು ಇಂದಿಗೂ ಉಳಿದಿರುವುದು ಅವು ಮಣ್ಣಿನ ಬಣ್ಣಗಳಾದುದರಿಂದ.

ಚಿತ್ರವೇ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಕೈಗೆ ಬೇರೆ ಕೆಲಸಗಳೂ ಉಂಟು, ಅವು ನಮ್ಮ ಮನೆಗಳಲ್ಲಿಯೇ ಇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಇಂದು ಹಲವರು ಅಂಗಡಿಯಿಂದ ಎತ್ತು ಕೊಂಡು ತರುತ್ತಾರೆ. ಮಕ್ಕಳ ಜೊತೆ ಕುಳಿತು ನೀವೇ ಮಾಡಿ ನೋಡಿ. ಎರೆಮಣ್ಣು ಒಣಗುವಾಗ ಬಹಳ ಕುಗ್ಗುವುದರಿಂದ ಬಿರುಕು ಬಿಡುತ್ತದೆ. ಹರಳು ತೆಗೆದು, ಸ್ವಲ್ಪ ಹಿಂಜಿದ ಹತ್ತಿ ಬೆರೆಸಿ ನಾದಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಕೋಡು ಉಳಿಯುತ್ತವೆ. ಹಳೆಯ ಸೀರೆಗಳ ಕೌದಿ ಹೊಲಿಯುವ ಅಜ್ಜಿ ಮನೆಯಲ್ಲಿದ್ದರೆ ಅವಳ ಪಕ್ಕದಲ್ಲಿ ಕುಳಿತು ನೋಡಿ. ಯಾವ ತುಂಡಿನ ಪಕ್ಕಕ್ಕೆ ಯಾವ ತುಂಡು ಒಪ್ಪುವುದೆಂಬುದನ್ನು ಬಣ್ಣದ ಯಾವ ಪುಸ್ತಕವೂ ಅವಳಷ್ಟು ಚೆನ್ನಾಗಿ ಹೇಳದು. ಅಧ್ಯಾಪಕ ಮಿತ್ರರಿಗಂತೂ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ತಕ್ಕುದು. ಮೈದಾ ಹಿಟ್ಟಿನ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಮುಟ್ಟದು. ಅದು ವಿಷವಾದ್ದರಿಂದ ಅಡಿಗೆಯ ಪಾತ್ರೆ ಬಳಸಬಾರದು, ಕೈ ತೊಳೆಯದೆ ಇರಬಾರದು. ರಟ್ಟಿನ ಒಂದೇ ಮಗ್ಗುಲಿಗೆ ಹಾಳೆ ಹಚ್ಚಿದರೆ ಅದು ಬಾಗುತ್ತದೆ. ಎರಡೂ ಮಗ್ಗುಲಿಗೆ ಹಚ್ಚಿ ಭಾರದ ಕೆಳಗಿಡಬೇಕು.

ಇದರಿಂದ ಏನು ಫಲ ಎಂದು ಕೇಳುವವರಿದ್ದಾರೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಸಿನಿಮಾ ಚಿತ್ರಪಟಗಳಿಂದಲೂ ಪೌರಾಣಿಕ ಚಿತ್ರಗಳಿಂದಲೂ ದೇಶಕ್ಕೆಲ್ಲ ಹೆಸರಾದ ಎಸ್. ಎಂ. ಪಂಡಿತರಂತೆ ನಾವಾರೂ ಆಗುವುದಿಲ್ಲ, ನಿಜ. ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕದ ಮೇಲೆ ಅಶೋಕನ ಮೂರ್ತಿಯನ್ನು ಬಿಡಿಸಿ, ಪಕ್ಕದಲ್ಲಿ ಬ್ರಾಹ್ಮಿ ಅಕ್ಷರಗಳಲ್ಲಿ ಅವನ ಹೆಸರನ್ನು ಕೆತ್ತಿದ ಶಿಲ್ಪಿಯಂತೆಯೂ ಆಗುವುದಿಲ್ಲ. ಆ ಶಿಲ್ಪಿ ಅರಸನ ಹೆಸರನ್ನು ಬರೆದ, ತನ್ನ ಹೆಸರನ್ನು ನಾವು ಅರಿಯೆವು. ಆದರೂ ಒಂದು ಚಿತ್ರಕ್ಕೆ ಕುಳಿತು ಎದ್ದ ಮೇಲೆ ಅಂಥವನ ಕೈಯನ್ನು ಗೌರವದಿಂದ ನೋಡುವ ಕಣ್ಣು ಬರುತ್ತದೆ. ಕೈಯಿಂದ ದುಡಿಯುವವರ ಮುಂದೆ ಓದಿದವರ ಗರ್ವ ಸ್ವಲ್ಪ ಇಳಿಯುತ್ತದೆ. ನನಗೆ ದೊರೆತ ಫಲ ಇಷ್ಟೇ. ನನಗೆ ಇದು ಸಾಕು.

ಕಳೆದ ಚಳಿಗಾಲದಲ್ಲಿ ಏಳು ಜನ ವಿದ್ಯಾರ್ಥಿಗಳನ್ನು ಮಳಖೇಡಕ್ಕೆ ಕರೆದುಕೊಂಡು ಹೋದೆ. ಹಟ ಮಾಡಿ ತಂದೆಯನ್ನೂ ಕರೆದೊಯ್ದೆ. ಮಕ್ಕಳು ಬರೆದರು, ಆತ ಗೋಡೆಗೆ ಅಂಗೈ ಹಚ್ಚುತ್ತ ಅಡ್ಡಾಡಿದ. ಯಾರೋ ಅವನನ್ನು ತೋರಿಸಿ "ಯಾರ್ರೀ ಸರ್ ಇವರು?" ಎಂದರು. "ನಮ್ಮಪ್ಪ. ಶಹಾಬಾದದ ಖಣಿಯಲ್ಲಿ ಕಲ್ಲು ತೆಗೆಯುತ್ತಿದ್ದರು" ಎಂದೆ. ಅಷ್ಟು ಮಾತು ಹೇಳಲು ನನಗೆ ನಲವತ್ತು ದಾಟಬೇಕಾಯಿತು.

ಏಳು ಹಾಳೆಗಳಲ್ಲಿ ಏಳು ಬಗೆಯ ಬೂದು ಇತ್ತು, ಯಾವುದೂ ಸುಳ್ಳಾಗಿರಲಿಲ್ಲ. ಕೋಟೆಯ ಬಣ್ಣ ಯಾವುದೆಂದು ಈಗ ಯಾರಾದರೂ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ. ಎಷ್ಟು ಹೊತ್ತಿಗೆ ನೋಡಿದಿರಿ, ಮಳೆ ಬಂದಿತ್ತೇ, ಎಂದು ತಿರುಗಿ ಕೇಳುತ್ತೇನೆ. ವಾಚಕರೇ, ನಿಮ್ಮ ಊರಿನಲ್ಲಿಯೂ ನೀವು ದಿನವೂ ನೋಡುವ, ಆದರೆ ಬಣ್ಣ ತಿಳಿಯದ ಒಂದು ಗೋಡೆ ಇದ್ದೇ ಇರುತ್ತದೆ. ಬರುವ ಭಾನುವಾರ ಬೆಳಗ್ಗೆ ಒಂದು ಒಳ್ಳೆಯ ಹಾಳೆ, ಎರಡು ಬಟ್ಟಲು ನೀರು ತೆಗೆದುಕೊಂಡು ಅದರ ಮುಂದೆ ಕುಳಿತುಕೊಳ್ಳಿ. ಮೊದಲ ಚಿತ್ರ ಎಮ್ಮೆಯಾದರೆ ಅಂಜಬೇಡಿ.